"ಸರಿ ಬಿಡು, ನೀರು ಕೆಟ್ಟಿದೆ ತಾನೆ?"

ಪ್ರಶ್ನೆ: ನಾನು ಬಿಎಸ್ಸಿ ಎರಡನೇ ವರ್ಷದ ವಿದ್ಯಾರ್ಥಿನಿ. ಈ ಸೆಮಿಸ್ಟರಿನಲ್ಲಿ ಪರಿಸರ ವಿಜ್ಞಾನದ ಕೋರ್ಸ್ ಮುಗಿಸಿದೆ. ಅಂಕ ಚೆನ್ನಾಗಿಯೇ ಬಂದಿವೆ. ಕೊನೆಯ ಅಸೈನ್‌ಮೆಂಟ್ ಒಂದು ಬಾಕಿ ಇದೆ. ಕಲಿತದ್ದರಲ್ಲಿ ಒಂದು ವಿಷಯವನ್ನು ವಿಜ್ಞಾನ ಓದದವರಿಗೆ ವಿವರಿಸಬೇಕು. ಆಮೇಲೆ ಆ ಅನುಭವದ ಬಗ್ಗೆ, ಇಡೀ ಕೋರ್ಸಿನ ಬಗ್ಗೆ ಬರೆಯಬೇಕು. ಅಮ್ಮನಿಗೆ ಬಿಒಡಿ (ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಬಗ್ಗೆ ಹೇಳಿದೆ. ಐದು ನಿಮಿಷ ಕೇಳಿ "ಸರಿ ಬಿಡು, ನೀರು ಕೆಟ್ಟಿದೆ ತಾನೆ?" ಎಂದರು. ತಮ್ಮನಿಗೆ ಭೂಮಿ ಬಿಸಿಯಾಗುತ್ತಿರುವುದನ್ನು ಹೇಳಿದರೆ "ಓಝೋನ್ ತೂತಿನಿಂದ ಬಿಸಿಲು ಜಾಸ್ತಿ ಒಳಗೆ ಬರುತ್ತೆ, ಅದೇ ಅಲ್ವಾ?" ಎಂದ. ಚಿಕ್ಕಪ್ಪ "ವಿಜ್ಞಾನಿಗಳಿಗೇ ಖಾತ್ರಿ ಇಲ್ಲ, ಎಲ್ಲ ಅಂದಾಜು" ಎಂದು ಮಾತು ಮುಗಿಸಿದರು. ಇಷ್ಟು ಓದಿಯೂ ಹೇಳಲು ಬರುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? ಎಷ್ಟು ಸರಳ ಮಾಡಬೇಕು? ಖಚಿತವಿಲ್ಲದ್ದನ್ನು ಹೇಳದೇ ಬಿಡಬೇಕೇ?

ಉತ್ತರ: ನಿಮ್ಮ ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನೀವು ಐದು ನಿಮಿಷ ಹೇಳಿದ್ದನ್ನು ಅವರು ಮೂರೇ ಪದದಲ್ಲಿ ಹಿಡಿದರು. ಅವರಿಗೆ ಮೊದಲೇ ಗೊತ್ತಿದ್ದ ಸಂಗತಿಗೆ ನೀವು ಒಂದು ಹೊಸ ಹೆಸರು ಕೊಟ್ಟಿರಿ, ಅಷ್ಟೆ. ಆ ಹೆಸರಿನಿಂದ ಅವರಿಗೆ ಆಗಬೇಕಾದ್ದೇನು?

ನೀವು ಹೇಗೆ ಶುರು ಮಾಡಿರಬಹುದು ಎಂದು ಊಹಿಸಬಲ್ಲೆ. ಮೊದಲು ಬಿಒಡಿಯ ವಿಸ್ತಾರ ರೂಪ, ಆಮೇಲೆ ವ್ಯಾಖ್ಯೆ, ಆಮೇಲೆ ಅಳತೆಯ ಮಾನ, ಕೊನೆಗೆ ಎಷ್ಟಿರಬೇಕು ಎಂಬ ಮಿತಿ. ಪರೀಕ್ಷೆಗೆ ಅದೇ ಸರಿಯಾದ ಕ್ರಮ. ಮನೆಯಲ್ಲಿ ಆ ಕ್ರಮ ನಡೆಯುವುದಿಲ್ಲ. ಲ್ಯಾಬಿನಲ್ಲಿ ಇಷ್ಟು ವರ್ಷ ಪಾಠ ಮಾಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು ಇದು: ನಮಗೆ ಏನು ಗೊತ್ತು ಎಂದು ಹೇಳಿದರೆ ಜನ ತಲೆಯಾಡಿಸುತ್ತಾರೆ. ಹೇಗೆ ಗೊತ್ತಾಯಿತು ಎಂದು ಹೇಳಿದರೆ ಹತ್ತಿರ ಬಂದು ಕೂರುತ್ತಾರೆ. ನಿಮ್ಮ ಅಮ್ಮ, ತಮ್ಮ, ಚಿಕ್ಕಪ್ಪ ಮೂವರಿಗೂ ಸಿಗದೇ ಹೋದದ್ದು ಈ 'ಹೇಗೆ'.

ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯಲು ಲ್ಯಾಬಿನಲ್ಲಿ ಏನು ಮಾಡಿದಿರಿ, ನೆನಪಿಸಿಕೊಳ್ಳಿ. 300 ಮಿಲಿಲೀಟರ್ ಹಿಡಿಯುವ ಗಾಜಿನ ಬಾಟಲಿ. ಒಂದು ಗುಳ್ಳೆಯೂ ಉಳಿಯದ ಹಾಗೆ ನೀರು ತುಂಬಿ ಗಾಜಿನ ಬಿರಡೆ ಹಾಕಿದಿರಿ. ಮತ್ತೆ ತೆಗೆದು ಮ್ಯಾಂಗನೀಸ್ ಸಲ್ಫೇಟ್ ಬಿಟ್ಟಿರಿ, ಅದರ ಹಿಂದೆಯೇ ಕ್ಷಾರ ಬೆರೆತ ಅಯೊಡೈಡ್ ದ್ರಾವಣ. ಬಿರಡೆ ಒತ್ತಿ ಹಿಡಿದು ಬಾಟಲಿಯನ್ನು ನಾಲ್ಕೈದು ಸಲ ತಲೆಕೆಳಗು ಮಾಡಿದಿರಿ. ಒಳಗೆ ಕಂದು ಬಣ್ಣದ ಮೋಡ ಎದ್ದಿತು. ನಿಧಾನವಾಗಿ ತಳಕ್ಕೆ ಇಳಿಯಿತು. ಆ ಕಂದು ಬಣ್ಣ ಬಂದದ್ದು ನೀರಿನಲ್ಲಿ ಕರಗಿದ್ದ ಆಮ್ಲಜನಕದಿಂದ. ಆಮ್ಲಜನಕವೇ ಇಲ್ಲದ ನೀರಾಗಿದ್ದರೆ ಮೋಡ ಬೆಳ್ಳಗೇ ಉಳಿಯುತ್ತಿತ್ತು. ಆಮೇಲೆ ಆಮ್ಲ ಹಾಕಿದಾಗ ಮೋಡ ಕರಗಿ ನೀರು ಹಳದಿಯಾಯಿತು. ಪಿಷ್ಟದ ದ್ರಾವಣ ಹಾಕಿದಾಗ ಕಡುನೀಲಿ. ಬ್ಯುರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ಥಯೋಸಲ್ಫೇಟ್ ಹನಿಹನಿಯಾಗಿ ಬೀಳುತ್ತಾ, ಯಾವುದೋ ಒಂದು ಹನಿಗೆ ನೀಲಿ ಪೂರ್ತಿ ಮಾಯ. ಎಷ್ಟು ಬಿತ್ತು ಎಂದು ಬರೆದುಕೊಂಡಿರಿ, ಅದರಿಂದಲೇ ಆಮ್ಲಜನಕದ ಲೆಕ್ಕ. ಹೀಗೆ ಹನಿಹನಿಯಾಗಿ ಅಳೆಯುವುದೇ ಟೈಟ್ರೇಷನ್. 1888ರಲ್ಲಿ ಹಂಗೇರಿಯ ಲಾಯೊಶ್ ವಿಂಕ್ಲರ್ ಪ್ರಕಟಿಸಿದ ವಿಧಾನ ಇದು. ಇವತ್ತಿಗೂ ಆಮ್ಲಜನಕ ಅಳೆಯುವ ಮೀಟರುಗಳು ಸರಿ ಇವೆಯಾ ಎಂದು ಇದರಿಂದ ಪರೀಕ್ಷಿಸುವುದುಂಟು.

ನೀರಿನಲ್ಲಿರುವ ಉಸಿರನ್ನು ಕಣ್ಣಿಗೆ ಕಾಣುವ ಬಣ್ಣ ಮಾಡಿ ತೋರಿಸಿದ ಆ ಗಳಿಗೆಯನ್ನು ನೀವು ಅಮ್ಮನಿಗೆ ಹೇಳಲೇ ಇಲ್ಲ, ಅಲ್ವಾ?

ಅಲ್ಲಿಂದ ಶುರು ಮಾಡಿ. ಮೀನಿಗೂ ಆಮ್ಲಜನಕ ಬೇಕು ಎಂಬುದು ಅವರಿಗೆ ಗೊತ್ತು. ನೀರಿನಲ್ಲಿ ಅದು ಎಷ್ಟು ಕಡಿಮೆ ಇರುತ್ತದೆ ಎಂಬುದು ಗೊತ್ತಿರಲಾರದು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕ ಇದೆ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಶುದ್ಧ ನೀರಿನಲ್ಲಿ, ಗಾಳಿಯಿಂದ ಹೀರಿಕೊಳ್ಳುವಷ್ಟು ಹೀರಿಕೊಂಡ ಮೇಲೂ, ಸುಮಾರು 9 ಮಿಲಿಗ್ರಾಂ. ಅಂದರೆ ನಾವು ಉಸಿರಾಡುವುದರ ಮೂವತ್ತರಲ್ಲಿ ಒಂದು ಪಾಲು. ನೀರು 30 ಡಿಗ್ರಿಗೆ ಬಿಸಿಯಾದರೆ ಅದೂ ಏಳೂವರೆಗೆ ಇಳಿಯುತ್ತದೆ. ಮೀನು ಬದುಕುವುದು ಇಷ್ಟರಲ್ಲೇ.

ಈಗ ಬಿಒಡಿ. ಒಂದೇ ನೀರನ್ನು ಎರಡು ಬಾಟಲಿಗೆ ತುಂಬಿದಿರಿ. ಒಂದನ್ನು ಇವತ್ತೇ ಅಳೆದಿರಿ. ಇನ್ನೊಂದನ್ನು 20 ಡಿಗ್ರಿಯಲ್ಲಿ, ಕತ್ತಲಲ್ಲಿ, ಐದು ದಿನ ಇಟ್ಟು ಆಮೇಲೆ ಅಳೆದಿರಿ. ಎರಡರ ವ್ಯತ್ಯಾಸವೇ ಬಿಒಡಿ. (ಕೊಳೆ ಜಾಸ್ತಿ ಇರುವ ನೀರಾದರೆ ಮೊದಲು ಒಳ್ಳೆಯ ನೀರು ಬೆರೆಸಿ ತೆಳು ಮಾಡಿ, ಆಮೇಲೆ ಅಷ್ಟು ಪಟ್ಟು ಗುಣಿಸುತ್ತಾರೆ.) ಆ ಐದು ದಿನ ಬಾಟಲಿಯೊಳಗಿನ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತಾ ಎಷ್ಟು ಆಮ್ಲಜನಕ ಉಸಿರಾಡಿದವು ಎಂಬ ಲೆಕ್ಕ. ಹಾಗಾಗಿ ಬಿಒಡಿ ಕೊಳೆಯ ತೂಕವಲ್ಲ. ಕೊಳೆ ತಿನ್ನುವವರ ಹಸಿವು. ಮನೆಗಳಿಂದ ಬರುವ ಕೊಳಚೆ ನೀರಿನ ಬಿಒಡಿ ಲೀಟರಿಗೆ 200 ಮಿಲಿಗ್ರಾಂ ಇದೆ ಎಂದುಕೊಳ್ಳಿ, ಸಾಮಾನ್ಯವಾಗಿ ಅದರ ಆಸುಪಾಸೇ ಇರುತ್ತದೆ. ಆ ಒಂದು ಲೀಟರ್ ಕೊಳಚೆ ಇಪ್ಪತ್ತಕ್ಕೂ ಜಾಸ್ತಿ ಲೀಟರ್ ಒಳ್ಳೆಯ ನೀರಿನ ಆಮ್ಲಜನಕವನ್ನು ಪೂರ್ತಿ ಕಬಳಿಸಬಲ್ಲದು. ಈ ಮಾತಿಗೆ "ಸರಿ ಬಿಡು" ಎನ್ನುವುದು ಕಷ್ಟ.

ಇಷ್ಟು ಹೇಳಿದ ಮೇಲೆ ಸುಮ್ನಿರಿ. ಪ್ರಶ್ನೆ ಅವರಿಂದ ಬರಲಿ. ನನ್ನ ಅನುಭವದಲ್ಲಿ ಜನ ಮೊದಲು ಕೇಳುವುದು ಎರಡರಲ್ಲಿ ಒಂದು. "ಕತ್ತಲಲ್ಲಿ ಯಾಕೆ ಇಡಬೇಕು?" ಅಥವಾ "ಮೀನು ಸಾಯುವುದು ಯಾವಾಗಲೂ ಬೆಳಗಿನ ಜಾವವೇ ಯಾಕೆ?" ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಬೆಳಕಿದ್ದರೆ ಪಾಚಿ ಆಮ್ಲಜನಕ ಕೊಡುತ್ತದೆ, ಬಾಟಲಿಯ ಲೆಕ್ಕ ಕೆಡುತ್ತದೆ. ಕೆರೆಯಲ್ಲೂ ಅಷ್ಟೆ. ಹಗಲು ಕೊಡುವ ಪಾಚಿ ರಾತ್ರಿ ತಾನೇ ಉಸಿರಾಡಿ ತೆಗೆದುಕೊಳ್ಳುತ್ತದೆ. ಪಾಚಿ ಜಾಸ್ತಿಯಾದ ನೀರಿನಲ್ಲಿ ರಾತ್ರಿಯಿಡೀ ಆಮ್ಲಜನಕ ಇಳಿಯುತ್ತಾ ಹೋಗಿ, ಸೂರ್ಯ ಹುಟ್ಟುವ ಮುಂಚೆ ತೀರಾ ತಳ ಮುಟ್ಟುತ್ತದೆ. ಆಗಲೇ ಮೀನುಗಳು ಮೇಲೆ ಬಂದು ಬಾಯಿ ತೆರೆದು ಒದ್ದಾಡುವುದು. ಈ ಎರಡು ಪ್ರಶ್ನೆಗಳಲ್ಲಿ ಒಂದನ್ನು ಅಮ್ಮ ಕೇಳಿದರೆ ನಿಮ್ಮ ಅಸೈನ್‌ಮೆಂಟಿನ ಅರ್ಧ ಕೆಲಸ ಮುಗಿದ ಹಾಗೆ.

ತಮ್ಮನ ವಿಷಯಕ್ಕೆ ಬರೋಣ. ಅವನ ಮಾತಿಗೆ ನಗಬೇಡಿ. "ಅಯ್ಯೋ, ಅದು ಬೇರೆ ಇದು ಬೇರೆ" ಎಂದು ತಳ್ಳಿಹಾಕಲೂಬೇಡಿ. ತೂತು ಎಂದ ಮೇಲೆ ಅದರಿಂದ ಏನೋ ಒಳಗೆ ಬರಲೇಬೇಕು, ಬಿಸಿಲು ಬಂದರೆ ಬಿಸಿಯಾಗಲೇಬೇಕು. ಅವನು ಸರಿಯಾಗಿಯೇ ಯೋಚಿಸಿದ್ದಾನೆ. ಅವನಿಗೆ ಸಿಕ್ಕ ಚಿತ್ರ ತಪ್ಪು.

ಆ ಚಿತ್ರ ಎಲ್ಲಿಂದ ಬಂತು ಎಂದು ಹೇಳಿ. ಸ್ಪ್ರೇ ಡಬ್ಬಿ, ಫ್ರಿಜ್‌ಗಳಲ್ಲಿದ್ದ ಸಿಎಫ್‌ಸಿ ಅನಿಲಗಳು ಓಝೋನನ್ನು ನಾಶ ಮಾಡಬಲ್ಲವು ಎಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಬರೆದರು. ಅಂಟಾರ್ಕ್ಟಿಕಾದ ಹ್ಯಾಲಿ ಕೇಂದ್ರದಲ್ಲಿ 1950ರ ದಶಕದಿಂದ ಒಂದೇ ಸಮನೆ ಅಳೆಯುತ್ತಾ ಬಂದಿದ್ದವರಿಗೆ, ಅಲ್ಲಿನ ವಸಂತದಲ್ಲಿ ಓಝೋನ್ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿರುವುದು ಕಂಡಿತು. ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ 1985ರಲ್ಲಿ ಅದನ್ನು ಪ್ರಕಟಿಸಿದರು. 1987ರಲ್ಲಿ ಸಿಎಫ್‌ಸಿಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ ಆಯಿತು. ಎರಡೇ ವರ್ಷ! 'ತೂತು' ಎಂಬ ಪದ ಇಲ್ಲದಿದ್ದರೆ ಜನಕ್ಕೆ ಅಷ್ಟು ಬೇಗ ಮುಟ್ಟುತ್ತಿತ್ತೇ ಎಂಬ ಅನುಮಾನ ನನಗಿದೆ. ಆದರೆ ಅಲ್ಲಿ ನಿಜವಾದ ತೂತು ಇಲ್ಲ. ತಲೆಯ ಮೇಲಿನ ಓಝೋನನ್ನೆಲ್ಲ ನೆಲಮಟ್ಟಕ್ಕೆ ತಂದು ಹಾಸಿದರೆ ಸುಮಾರು 3 ಮಿಲಿಮೀಟರ್ ದಪ್ಪ ಆಗುತ್ತದೆ. ಓಝೋನ್ ಅಳೆಯುವ ಮಾನದಲ್ಲಿ ಅದನ್ನೇ 300 ಡಾಬ್ಸನ್ ಎನ್ನುವುದು. 220ಕ್ಕಿಂತ ಕೆಳಗಿಳಿದ ಜಾಗವನ್ನು ತೂತು ಎಂದು ಕರೆಯುತ್ತಾರೆ. ತೆಳುವಾಗಿದೆ, ಹರಿದಿಲ್ಲ.

ತೆಳುವಾದ ಜಾಗದಿಂದ ಜಾಸ್ತಿ ಬರುವುದು ನೇರಳಾತೀತ ಕಿರಣ. ಅದು ಚರ್ಮಕ್ಕೆ, ಕಣ್ಣಿಗೆ, ಗಿಡಗಳಿಗೆ ಕೆಡುಕು. ಆದರೆ ಭೂಮಿ ಈ ಪಾಟಿ ಬಿಸಿಯಾಗುವುದಕ್ಕೆ ಕಾರಣ ಒಳಗೆ ಬರುವ ಬಿಸಿಲಲ್ಲ. ಹೊರಗೆ ಹೋಗಬೇಕಾದ ಶಾಖ ಸುಲಭವಾಗಿ ಹೋಗುತ್ತಿಲ್ಲ. ಇದಕ್ಕೆ ಕಂಬಳಿಯ ಹೋಲಿಕೆ ಕೊಡಬಹುದು. ಕಂಬಳಿ ತಾನೇ ಶಾಖ ಹುಟ್ಟಿಸುವುದಿಲ್ಲ, ಇರುವುದನ್ನು ತಡೆದು ಹಿಡಿಯುತ್ತದೆ. ಆದರೆ ಹೋಲಿಕೆ ಕೊಟ್ಟವರು ಅದು ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ತೂತಿನ ಕಥೆಯೇ ಮತ್ತೆ ಆಗುತ್ತದೆ. ಕಂಬಳಿ ಗಾಳಿ ಆಡದಂತೆ ತಡೆಯುತ್ತದೆ. ಕಾರ್ಬನ್ ಡೈಆಕ್ಸೈಡ್ ಹಾಗೆ ಮಾಡುವುದಿಲ್ಲ. ನೆಲದಿಂದ ಹೊರಟ ಅವಕೆಂಪು ಕಿರಣವನ್ನು ಹೀರಿ ಎಲ್ಲ ದಿಕ್ಕಿಗೂ ಮತ್ತೆ ಬಿಡುತ್ತದೆ. ಅದರಲ್ಲಿ ಒಂದು ಪಾಲು ಕೆಳಗೇ ಬರುತ್ತದೆ.

ಈಗ 'ಹೇಗೆ ಗೊತ್ತಾಯಿತು'. ಬಿಸಿಲೇ ಜಾಸ್ತಿಯಾಗಿದ್ದರೆ ವಾತಾವರಣ ಕೆಳಗೂ ಮೇಲೂ ಬಿಸಿಯಾಗಬೇಕಿತ್ತು. ಅಳೆದು ನೋಡಿದರೆ ನೆಲದ ಹತ್ತಿರ ಬಿಸಿ ಏರಿದೆ, ಹತ್ತಾರು ಕಿಲೋಮೀಟರ್ ಮೇಲೆ ಗಾಳಿ ತಣ್ಣಗಾಗಿದೆ. ದಪ್ಪ ಕಂಬಳಿ ಹೊದ್ದಾಗ ಒಳಗೆ ಬೆಚ್ಚಗೆ, ಹೊರಮೈ ತಣ್ಣಗೆ ಇರುವ ಹಾಗೆ. ಮೇಲಿನ ತಂಪಿನಲ್ಲಿ ಓಝೋನ್ ಕಡಿಮೆಯಾದದ್ದರ ಪಾಲೂ ಇದೆ, ಅದನ್ನು ಮುಚ್ಚಿಡಬೇಡಿ. ಇನ್ನೊಂದು ಮಾತು ತಮ್ಮನಿಗೆ ತಪ್ಪದೆ ಹೇಳಿ: ಓಝೋನ್ ಕೆಡಿಸಿದ ಆ ಸಿಎಫ್‌ಸಿಗಳು ಶಾಖ ಹಿಡಿಯುವುದರಲ್ಲೂ ಬಲು ಜೋರು. ಎರಡು ಕಥೆಗಳೂ ಅಲ್ಲಿ ನಿಜಕ್ಕೂ ಸೇರುತ್ತವೆ. ತನ್ನ ಮಾತಿನಲ್ಲಿ ಒಂದು ಎಳೆ ಸರಿ ಇತ್ತು ಎಂದು ಗೊತ್ತಾದ ಹುಡುಗ ಉಳಿದದ್ದನ್ನು ತಿದ್ದಿಕೊಳ್ಳಲು ತಾನೇ ಮುಂದಾಗುತ್ತಾನೆ.

ಚಿಕ್ಕಪ್ಪನವರ ಮಾತು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಖಚಿತವಿಲ್ಲದ್ದನ್ನು ಬಿಟ್ಟುಬಿಡಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಬಿಟ್ಟದ್ದು ಮುಂದೊಂದು ದಿನ ಬೇರೆಯವರಿಂದ ಅವರ ಕಿವಿಗೆ ಬಿದ್ದರೆ, ನೀವು ಹೇಳಿದ ಉಳಿದದ್ದನ್ನೂ ಅವರು ನಂಬುವುದಿಲ್ಲ.

ಮೊದಲ ತೊಡಕು ಪದಗಳದ್ದು. ನಮ್ಮ ಲ್ಯಾಬಿನ ಪದಗಳು ಮನೆಯಲ್ಲಿ ಬೇರೆಯೇ ಅರ್ಥ ಕೊಡುತ್ತವೆ. 'ಎರರ್' ಎಂದರೆ ನಮಗೆ ಅಳತೆಯ ಹೆಚ್ಚುಕಡಿಮೆ, ಅವರಿಗೆ ತಪ್ಪು. 'ಥಿಯರಿ' ಎಂದರೆ ನಮಗೆ ಸಾಕಷ್ಟು ಪುರಾವೆ ನಿಂತ ವಿವರಣೆ. ಅವರು "ಥಿಯರಿ ಬೇರೆ, ಪ್ರಾಕ್ಟಿಕಲ್ ಬೇರೆ" ಎಂದು ದಿನವೂ ಆಡುವವರು. 'ಅನಿಶ್ಚಿತತೆ' ಎಂದರೆ ನಮಗೆ ಎಷ್ಟರಿಂದ ಎಷ್ಟರವರೆಗೆ ಎಂಬ ವ್ಯಾಪ್ತಿ, ಅವರಿಗೆ "ಏನೂ ಗೊತ್ತಿಲ್ಲ". 'ಪಾಸಿಟಿವ್ ಫೀಡ್‌ಬ್ಯಾಕ್' ಎಂದರಂತೂ ಹೊಗಳಿಕೆ ಎಂದುಕೊಳ್ಳುತ್ತಾರೆ. ನಮಗೆ ಅದು ತನ್ನನ್ನು ತಾನೇ ಬೆಳೆಸುವ ಸುತ್ತು. ಬಿಳಿ ಮಂಜುಗಡ್ಡೆ ಕರಗಿ ಕಪ್ಪು ಕಡಲು ತೆರೆದುಕೊಳ್ಳುತ್ತದೆ, ಕಪ್ಪು ಕಡಲು ಜಾಸ್ತಿ ಬಿಸಿಲು ಹೀರುತ್ತದೆ, ಅದರಿಂದ ಇನ್ನಷ್ಟು ಮಂಜುಗಡ್ಡೆ ಕರಗುತ್ತದೆ. ಇದಕ್ಕೆ ನಮ್ಮಲ್ಲಿ ಚಕ್ರಬಡ್ಡಿ ಎಂಬ ಒಳ್ಳೆಯ ಪದವೇ ಇದೆ. ಬಡ್ಡಿಗೆ ಬಡ್ಡಿ ಬೆಳೆಯುವುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು, ಯಾವುದು ಖಚಿತ, ಯಾವುದು ಅಲ್ಲ ಎಂದು ಬಿಡಿಸಿ ಹೇಳುವುದು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿ ಭೂಮಿ ಬಿಸಿಯಾಗಿರುವುದಕ್ಕೆ ಮನುಷ್ಯ ಕಾರಣ ಎಂಬುದು ನಿಸ್ಸಂದೇಹ ಎಂದಿತು. ಅಲ್ಲಿ ಯಾವ ಶೇಕಡಾ ಲೆಕ್ಕವೂ ಇಲ್ಲ. 1850ರಿಂದ 1900ರ ಅವಧಿಗೆ ಹೋಲಿಸಿದರೆ 2010ರಿಂದ 2019ರ ಹೊತ್ತಿಗೆ ಮನುಷ್ಯನಿಂದ ಆದ ಏರಿಕೆ ಎಷ್ಟು? 0.8ರಿಂದ 1.3 ಡಿಗ್ರಿ ಸೆಲ್ಸಿಯಸ್, ಒಳ್ಳೆಯ ಅಂದಾಜು 1.07. ಈ ವ್ಯಾಪ್ತಿಯನ್ನು ಒಂದು ಗೆರೆಯಾಗಿ ಎಳೆದು ಚಿಕ್ಕಪ್ಪನವರಿಗೆ ತೋರಿಸಿ. ಅದರಲ್ಲಿ ಸೊನ್ನೆ ಎಲ್ಲೂ ಇಲ್ಲ. ಅನುಮಾನ ಇರುವುದು ಎಷ್ಟು ಎಂಬುದರಲ್ಲಿ. ಹೌದೋ ಅಲ್ಲವೋ ಎಂಬುದರಲ್ಲಿ ಅಲ್ಲ. ಆ ವರದಿಯಲ್ಲಿ 'ಸಂಭವ ಇದೆ' ಎಂಬ ಪದಕ್ಕೂ ಲೆಕ್ಕ ಇದೆ: ನೂರಕ್ಕೆ 66ಕ್ಕಿಂತ ಕಡಿಮೆ ಇರಬಾರದು. 'ಬಹಳ ಸಂಭವ' ಎಂದರೆ 90. ಅಂದಾಜನ್ನೂ ಅಳೆದು ಹೇಳುವ ಈ ಶಿಸ್ತು ಗೊತ್ತಾದ ಮೇಲೆ "ಎಲ್ಲ ಅಂದಾಜು" ಎಂಬ ಮಾತಿನ ಬಿಗಿ ಸಡಿಲವಾಗುತ್ತದೆ.

ಎಷ್ಟು ಸರಳ ಮಾಡಬೇಕು? ಪದವನ್ನು ಎಷ್ಟು ಬೇಕಾದರೂ ಸರಳ ಮಾಡಿ. ಕಾರಣದ ಕೊಂಡಿ ಮಾತ್ರ ಕಡಿಯಬೇಡಿ. ಅಂಕಿ ಹೇಳುವುದಾದರೆ ಅದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 420 ಪಿಪಿಎಂ ದಾಟಿದೆ ಎಂದರೆ, ಹತ್ತು ಲಕ್ಷದಲ್ಲಿ ನಾನೂರು ಚಿಲ್ಲರೆ, ಅಷ್ಟರಿಂದ ಏನಾದೀತು ಎಂದೇ ಯಾರಿಗಾದರೂ ಅನಿಸುತ್ತದೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಅದು 280ರ ಆಸುಪಾಸಿತ್ತು, 1958ರಲ್ಲಿ ವಿಜ್ಞಾನಿ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳೆಯಲು ಶುರು ಮಾಡಿದಾಗ 315ರಷ್ಟಿತ್ತು ಎಂದು ಹೇಳಿ. ಜೊತೆಗೆ, ಒಣ ಗಾಳಿಯಲ್ಲಿ ನೂರಕ್ಕೆ 99.9 ಪಾಲು ಇರುವ ನೈಟ್ರೋಜನ್, ಆಮ್ಲಜನಕ, ಆರ್ಗಾನ್ ಈ ಶಾಖವನ್ನು ಹಿಡಿಯುವುದೇ ಇಲ್ಲ. ಹಿಡಿಯುವ ಕೆಲಸವೆಲ್ಲ ನೀರಾವಿ ಮತ್ತು ಉಳಿದ ಚೂರುಪಾರಿನ ಮೇಲೆ ಬೀಳುತ್ತದೆ. ಆ ಚೂರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಮೊದಲಿಗಿಂತ ಅರ್ಧದಷ್ಟು ಹಿಗ್ಗಿದೆ.

ಕಾರ್ಬನ್ ಡೈಆಕ್ಸೈಡ್ ಶಾಖ ಹಿಡಿಯುತ್ತದೆ ಎಂಬುದೂ ಇತ್ತೀಚಿನ ಮಾತಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫುಟ್ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ, ಒಳಗೆ ಥರ್ಮಾಮೀಟರ್ ಇಟ್ಟು ಬಿಸಿಲಿಗೆ ಇಟ್ಟರು. ಕಾರ್ಬನ್ ಡೈಆಕ್ಸೈಡ್ ತುಂಬಿದ್ದು ಎಲ್ಲಕ್ಕಿಂತ ಜಾಸ್ತಿ ಕಾಯಿತು, ತಣಿಯಲು ಬಹಳ ಹೊತ್ತು ತೆಗೆದುಕೊಂಡಿತು. ಬಿಸಿಲಿನ ಶಾಖ, ನೆಲದ ಶಾಖ ಎಂದು ಬೇರ್ಪಡಿಸಲು ಅವರ ಪ್ರಯೋಗದಿಂದ ಆಗುತ್ತಿರಲಿಲ್ಲ. ಆ ಕೆಲಸವನ್ನು ಭೌತವಿಜ್ಞಾನಿ ಟಿಂಡಾಲ್ 1859ರಲ್ಲಿ ಶುರು ಮಾಡಿದರು.

ಕೇಳಿದವರು ಹೆದರಿದರೆ? ಸುಳ್ಳು ಸಮಾಧಾನ ಹೇಳಬೇಡಿ. ಹೆದರಿಕೆಯಲ್ಲೇ ಬಿಟ್ಟು ಎದ್ದು ಹೋಗಲೂಬೇಡಿ. ಓಝೋನಿನ ಕಥೆ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಈಗಿರುವ ನಿಯಮಗಳು ಹೀಗೇ ಮುಂದುವರಿದರೆ ಪ್ರಪಂಚದ ಹೆಚ್ಚಿನ ಕಡೆ 2040ರ ಸುಮಾರಿಗೆ, ಅಂಟಾರ್ಕ್ಟಿಕಾದ ಮೇಲೆ 2066ರ ಸುಮಾರಿಗೆ, ಓಝೋನ್ 1980ರ ಮಟ್ಟಕ್ಕೆ ಮರಳುತ್ತದೆ ಎಂದು ವಿಶ್ವಸಂಸ್ಥೆಯ 2022ರ ಓಝೋನ್ ಮೌಲ್ಯಮಾಪನ ಹೇಳಿತು. ಸರಿಹೋಗಲು ಎಷ್ಟು ಕಾಲ ಬೇಕು ಎಂಬುದೂ ಅದರಲ್ಲೇ ಇದೆ.

ಇನ್ನು ನಿಮ್ಮ ಬರಹ. "ಈ ಕೋರ್ಸಿನಿಂದ ಪರಿಸರದ ಮಹತ್ವ ಅರಿವಾಯಿತು" ಎಂದು ಶುರು ಮಾಡಬೇಡಿ, ದಯವಿಟ್ಟು. ಆ ಸಾಲು ನೂರು ಜನ ಬರೆಯುತ್ತಾರೆ, ಅದರಲ್ಲಿ ನೀವು ಎಲ್ಲೂ ಇರುವುದಿಲ್ಲ. ನಿಮ್ಮ ವಿವರಣೆ ಸೋತ ಜಾಗವನ್ನು ಬರೆಯಿರಿ. ಅಮ್ಮ ಯಾವ ವಾಕ್ಯದ ಹೊತ್ತಿಗೆ ಕಣ್ಣು ಬೇರೆ ಕಡೆ ಹೊರಳಿಸಿದರು, ತಮ್ಮನ ಯಾವ ಪ್ರಶ್ನೆಗೆ ನೀವು ಪುಸ್ತಕ ತೆರೆಯಬೇಕಾಯಿತು ಎಂದು ಬರೆಯಿರಿ. ಬೇರೆಯವರಿಗೆ ಹೇಳಲು ಹೋದಾಗಲೇ ನಮಗೆ ಯಾವುದು ಅರ್ಥವಾಗಿದೆ, ಯಾವುದನ್ನು ಬರೀ ಉರು ಹೊಡೆದಿದ್ದೇವೆ ಎಂಬುದು ಬಯಲಾಗುತ್ತದೆ.

ನನಗೆ ಹಾಗೆ ಆದ ಒಂದು ದಿನ ಚೆನ್ನಾಗಿ ನೆನಪಿದೆ. ವಿದ್ಯಾರ್ಥಿಯಾಗಿದ್ದಾಗ ಹಸಿರುಗಟ್ಟಿದ ಒಂದು ಕೊಳದ ನೀರು ತಂದು ಟೈಟ್ರೇಷನ್ ಮಾಡಿದೆ. ಲೀಟರಿಗೆ 13 ಮಿಲಿಗ್ರಾಂ ಆಮ್ಲಜನಕ ಬಂತು. ಅಷ್ಟು ಬೆಚ್ಚಗಿನ ನೀರಿನಲ್ಲಿ 8 ಕೂಡ ಇರಬಾರದು ಎಂದು ಪುಸ್ತಕ ಹೇಳುತ್ತಿತ್ತು. ನನ್ನ ತಪ್ಪೇ ಇರಬೇಕು ಎಂದುಕೊಂಡು ಆ ಅಂಕಿಯನ್ನು ಹೊಡೆದುಹಾಕಿದೆ. ನನ್ನ ಮೇಡಂ ನೋಟ್‌ಬುಕ್ ನೋಡಿ ಒಂದೇ ಪ್ರಶ್ನೆ ಕೇಳಿದರು: "ಎಷ್ಟು ಗಂಟೆಗೆ ತಂದೆ?" ಮಧ್ಯಾಹ್ನ ಮೂರಕ್ಕೆ. ಬಿಸಿಲಿನಲ್ಲಿ ಪಾಚಿ ಇಡೀ ದಿನ ಆಮ್ಲಜನಕ ಬಿಡುಗಡೆ ಮಾಡಿ, ನೀರು ಹಿಡಿಯಬಹುದಾದ್ದಕ್ಕಿಂತ ಜಾಸ್ತಿ ತುಂಬಿಕೊಂಡಿತ್ತು. ಅಂಕಿ ನಿಜವೇ ಆಗಿತ್ತು. ಸಮಯ ಬರೆಯದೇ ಹೋದದ್ದರಿಂದ ಅದು ನನಗೆ ಸುಳ್ಳಾಗಿ ಕಂಡಿತು. ಅಲ್ಲಿಯವರೆಗೆ ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ) ಜಾಸ್ತಿ ಇದ್ದರೆ ನೀರು ಒಳ್ಳೆಯದು ಎಂದೇ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಮಧ್ಯಾಹ್ನ ಅಷ್ಟೊಂದು ಇದ್ದ ಆ ಕೊಳದಲ್ಲಿ ಬೆಳಗಿನ ಜಾವ ಮೀನಿಗೆ ಉಸಿರಾಡಲೂ ಇರದಿರಬಹುದು ಎಂಬುದು ಅವತ್ತು ಹೊಳೆಯಿತು.

ನಿಮಗೆ ಇನ್ನೂ ಸಮಯ ಇದ್ದರೆ ಇದನ್ನೇ ಮಾಡಿ ನೋಡಿ. ಪಾಚಿ ಕಟ್ಟಿದ ಒಂದೇ ಕೊಳದ ನೀರನ್ನು, ಒಂದೇ ಜಾಗದಿಂದ, ಸೂರ್ಯ ಹುಟ್ಟುವ ಮುಂಚೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ ತುಂಬಿಸಿ. ಮೊದಲ ಎರಡು ರಾಸಾಯನಿಕಗಳನ್ನು ಅಲ್ಲೇ ಹಾಕಬೇಕಾಗುತ್ತದೆ. ಅವು ವಿಷ. ಹಾಗಾಗಿ ಕೈಗವಸು ಹಾಕಿಕೊಳ್ಳಿ, ಲ್ಯಾಬಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಎರಡೂ ಬಾಟಲಿಗಳ ಮೇಲೆ ಸಮಯ ಬರೆಯಿರಿ. ಟೈಟ್ರೇಷನ್ ಆಮೇಲೆ. ಮೋಡ ತಳಕ್ಕೆ ಕೂತ ಮೇಲೆ, ಬಿರಡೆ ತೆಗೆಯದೆ, ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೊ ತೆಗೆದು ಅಮ್ಮನಿಗೆ ತೋರಿಸಿ. ಒಂದು ತಿಳಿ ಬಣ್ಣ, ಒಂದು ಕಡುಕಂದು. ಅವರು ಮೊದಲು ಕೇಳುವ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ನಿಮ್ಮ ಬರಹದ ಮೊದಲ ಸಾಲು ಅದೇ ಆಗಲಿ.